ಇದು ಚಂದಾ ಅಲ್ಲ, ಸುಂಕ

ಚಂದಾ ಎಂಬ ಮಾತು ಉರ್ದುವಿನ ಹಾದಿಯಲ್ಲಿ ಬಂದು ಕನ್ನಡದ್ದೇ ಆಗಿಹೋದ ಪದ. ಮಸೀದಿಯ ದುರಸ್ತಿಗೆ ಚಂದಾ ಎತ್ತುತ್ತೇವೆ, ಜಾತ್ರೆಯ ಕುಸ್ತಿಗೆ ಚಂದಾ ಕೊಡುತ್ತೇವೆ, ಪತ್ರಿಕೆಗೆ ಚಂದಾ ಕಟ್ಟುತ್ತೇವೆ. ಹತ್ತು ಜನ ಕೈಲಾದಷ್ಟು ಹಾಕಿ, ಕೊಡಲಾರದವನಿಗೂ ನೆರಳಾಗುವಂಥದ್ದನ್ನು ಉಳಿಸಿಕೊಳ್ಳುವುದು ಅದರ ಅರ್ಥ. ಪತ್ರಿಕೆಯ ಚಂದಾ ಮುಗಿದರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೇ; ಕಪಾಟಿನಲ್ಲಿರುವ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಹೊತ್ತೊಯ್ಯುವುದಿಲ್ಲ. ವಿಡಿಯೋ ಗೇಮ್ ಕಂಪೆನಿಗಳು ಇಂದು ವರ್ಷಾವಧಿ ವಸೂಲಿ ಮಾಡುತ್ತಿರುವ ಹಣವನ್ನೂ ನಾವು ಚಂದಾ ಎಂದೇ ಕರೆಯುತ್ತಿದ್ದೇವೆ. ಆ ಹಣಕ್ಕೆ ಈ ಹೆಸರು ಸಲ್ಲದು ಎಂಬುದೇ ನಮ್ಮ ತಕರಾರು.

ಮುಧೋಳದಂಥ ಊರಿನಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳು ಈಗಲೂ ಎಲ್ಲರ ಮನೆಯ ವಸ್ತುಗಳಲ್ಲ. ಪುಣೆಯಲ್ಲೋ ದುಬೈಯಲ್ಲೋ ದುಡಿಯುವ ಅಣ್ಣ ಊರಿಗೆ ಬರುವಾಗ ತಮ್ಮನಿಗೆಂದು ತಂದುಕೊಟ್ಟಿರುತ್ತಾನೆ. ಯಂತ್ರಕ್ಕೆ ಹಣ ಕೊಟ್ಟಾಯಿತು. ಆಟಕ್ಕೆ ಬೇರೆ ಹಣ, ಅದೂ ಸಾವಿರಗಳಲ್ಲಿ. ಇಂಟರ್‌ನೆಟ್ಟಿಗೆ ತಿಂಗಳ ಬಿಲ್ಲು ಬೇರೆ. ಇಷ್ಟೆಲ್ಲ ತೆತ್ತ ಮೇಲೂ ದೂರದಲ್ಲಿರುವ ಅಣ್ಣನೊಡನೆ ಒಂದು ಪಂದ್ಯ ಆಡಲು ಹೊರಟರೆ ಪರದೆಯ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. “ಭಾಯಿ, ಒಳಗ ಬಿಡವಲ್ದು” ಎಂದು ತಮ್ಮ ಫೋನು ಮಾಡುತ್ತಾನೆ. ಒಬ್ಬನೇ ಕುಳಿತು ಯಂತ್ರದ ವಿರುದ್ಧ ಆಡುವುದಾದರೆ ಅಡ್ಡಿಯಿಲ್ಲ. ಮನುಷ್ಯರ ಜೊತೆ ಆಡುವುದಾದರೆ ಮಾತ್ರ ಹಣ ಕಟ್ಟಬೇಕು!

ಇದು ಹಿಂದಿನಿಂದಲೂ ಹೀಗೇ ಇತ್ತೆಂದು ಮಕ್ಕಳು ತಿಳಿದಿದ್ದಾರೆ. ಹಾಗಿರಲಿಲ್ಲ. ಕನ್ಸೋಲ್ ಆಟಗಳಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಿದ್ದು 2002ರ ನವೆಂಬರ್‌ನಲ್ಲಿ ಆರಂಭವಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಲೈವ್. 2006ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ತಂದಾಗ ಆನ್‌ಲೈನ್ ಆಟ ಉಚಿತವಾಗಿಯೇ ಇತ್ತು. 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಅದೇ ಸೋನಿ ಬಾಗಿಲಿಗೆ ಬೀಗ ಹಾಕಿತು. 2018ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ಕೂಡ ಅದೇ ದಾರಿ ಹಿಡಿಯಿತು. ಒಬ್ಬನು ಸುಂಕದಕಟ್ಟೆ ಕಟ್ಟಿ ಲಾಭ ಮಾಡಿದ್ದನ್ನು ನೋಡಿ ಉಳಿದವರೂ ಕಟ್ಟಿದರು.

ಕಂಪೆನಿಗಳ ಸಮರ್ಥನೆ ಏನು? ಸರ್ವರ್‌ಗಳನ್ನು ನಡೆಸಲು ಖರ್ಚಿದೆ ಎಂಬುದು. ಖರ್ಚಿರುವುದು ನಿಜ. ಆದರೆ ಕಂಪ್ಯೂಟರಿನಲ್ಲಿ ಆಡುವವರಿಗೆ ಅದೇ ಆಟ, ಅದೇ ಎದುರಾಳಿಗಳು. ಅಲ್ಲಿ ಈ ಪ್ರವೇಶಧನವಿಲ್ಲ. ಅಲ್ಲಿ ಖರ್ಚಿಲ್ಲವೇ? ಟೆಕನ್‌ನಂಥ ಕಾದಾಟದ ಆಟಗಳಲ್ಲಂತೂ ಪಂದ್ಯದ ಭಾರವನ್ನು ಬಹುಪಾಲು ಹೊರುವುದು ಆಡುವ ಇಬ್ಬರ ಯಂತ್ರಗಳು, ಅವರದೇ ಇಂಟರ್‌ನೆಟ್ಟು. ಇನ್ನೂ ದೊಡ್ಡ ಸಾಕ್ಷಿ ಬೇರೆ ಇದೆ. ಫೋರ್ಟ್‌ನೈಟ್‌ನಂಥ ಉಚಿತ ಆಟವನ್ನು ಪ್ಲೇಸ್ಟೇಷನ್ನಿನಲ್ಲಿ ಆಡಲು ಈ ಹಣ ಬೇಡ. 2021ರ ಏಪ್ರಿಲ್‌ನಿಂದ ಎಕ್ಸ್‌ಬಾಕ್ಸ್‌ನಲ್ಲೂ ಬೇಡ. ಜಗತ್ತಿನ ಕೋಟ್ಯಂತರ ಜನ ಮುಗಿಬಿದ್ದು ಆಡುವ ಆಟಕ್ಕೆ ಸರ್ವರ್ ಖರ್ಚು ಅಡ್ಡಬರುವುದಿಲ್ಲ. ಹಣ ಕೊಟ್ಟು ಕೊಂಡ ಆಟಕ್ಕೆ ಮಾತ್ರ ಅಡ್ಡಬರುತ್ತದೆ. ಈ ಲೆಕ್ಕ ಯಾವ ಶಾಲೆಯದು?

ತಿಂಗಳಿಗೆ ಕೆಲವು ಆಟಗಳನ್ನು ಕೊಡುತ್ತೇವಲ್ಲ ಎಂದೂ ಹೇಳುತ್ತಾರೆ. ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ಹಾಗೆ ಕೊಟ್ಟ ಆಟಗಳು ಹಣ ಕಟ್ಟುತ್ತಿರುವ ತನಕ ಮಾತ್ರ ತೆರೆಯುತ್ತವೆ. ನಿಲ್ಲಿಸಿದ ದಿನ ಬೀಗ. ಕಪಾಟಿನ ಸಂಚಿಕೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗರೇ ನೋಡಲಿ.

ದರದ ಮಾತೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ ಪ್ಲಸ್‌ನ ಅತಿ ಕೆಳಗಿನ ದರ್ಜೆಯ ವಾರ್ಷಿಕ ಶುಲ್ಕ ಭಾರತದಲ್ಲಿ 2,999 ರೂಪಾಯಿಗಳಿಂದ 3,949ಕ್ಕೆ ಏರಿತು. 2025ರ ನವೆಂಬರ್‌ನಲ್ಲಿ ಮುಧೋಳದ ರೈತರು ಕಬ್ಬಿನ ದರಕ್ಕಾಗಿ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಆಗ ಸರಕಾರ ಘೋಷಿಸಿದ ದರ ಟನ್ನಿಗೆ 3,300 ರೂಪಾಯಿ. ಅಲ್ಲಿಗೆ ಒಂದು ಟನ್ ಕಬ್ಬು ಮಾರಿದರೂ ಮಗನ ಒಂದು ವರ್ಷದ ‘ಪ್ರವೇಶ’ಕ್ಕೆ ಸಾಲದು. ನೀರು, ಗೊಬ್ಬರ, ಕಟಾವಿನ ಖರ್ಚು ಕಳೆದರೆ ಲೆಕ್ಕ ಇನ್ನೂ ಕಹಿ. ಕಬ್ಬಿಗೆ ಐವತ್ತು ರೂಪಾಯಿ ಹೆಚ್ಚು ಕೇಳಲು ರೈತ ರಸ್ತೆಯಲ್ಲಿ ಕೂರಬೇಕು. ಕಂಪೆನಿಗೆ ಒಂದೇ ಏಟಿಗೆ 950 ರೂಪಾಯಿ ಹೆಚ್ಚಿಸಲು ಒಂದು ಪ್ರಕಟಣೆ ಸಾಕು.

ಆಟವೇ ಬೇಡ, ಎಲ್ಲ ಜೂಜು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಆತಂಕವನ್ನು ನಾವು ಗೌರವಿಸುತ್ತೇವೆ. ಆದರೆ ಜೂಜು ಬೇರೆ, ಆಟ ಬೇರೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಪಣವಲ್ಲದ ಶುಲ್ಕ ಪಡೆದು ಆಡಿಸುವ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಕಾಯ್ದೆ ಒಪ್ಪಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ ಎಂಬುದಷ್ಟೇ ನಮ್ಮ ಮಾತು. ಗರಡಿಯ ಮಣ್ಣಿಗೆ, ಎಣ್ಣೆಗೆ ಹಣ ಕೇಳಿದರೆ ಕೊಡೋಣ. ಆದರೆ ಇಬ್ಬರು ಪೈಲ್ವಾನರು ಪರಸ್ಪರ ಕೈ ಕುಲುಕಲು ಬಾಡಿಗೆ ಕೇಳುವ ಗರಡಿಯನ್ನು ನಮ್ಮ ಸೀಮೆ ಕಂಡಿಲ್ಲ. ಇಲ್ಲಿ ಮಾರಾಟವಾಗುತ್ತಿರುವುದು ಆಟವಲ್ಲ, ಒಡನಾಟ. ಹಣವಿದ್ದವನು ಗೆಳೆಯರ ಗುಂಪಿನಲ್ಲಿ. ಇಲ್ಲದವನು ಅದೇ ಯಂತ್ರ, ಅದೇ ಆಟ ಇಟ್ಟುಕೊಂಡು ಒಂಟಿ. ಹನ್ನೆರಡು ವರ್ಷದ ಹುಡುಗನಿಗೆ ಆ ಒಂಟಿತನದ ಕಾರಣವನ್ನು ಯಾವ ತಂದೆ ಹೇಗೆ ವಿವರಿಸಬೇಕು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆ ಇದೆ. ಆದರೆ ಒಟ್ಟಾಗಿ ಕೂಗಿದರೆ ಸುಂಕದವನಿಗೂ ಕೇಳಿಸುತ್ತದೆ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಲೈವ್ ಗೋಲ್ಡ್‌ನ ದರ ಏರಿಸುವುದಾಗಿ ಸಾರಿ, ಆಟಗಾರರ ಆಕ್ರೋಶಕ್ಕೆ ಮಣಿದು ಅದೇ ದಿನ ಹಿಂತೆಗೆದುಕೊಂಡಿತು. ಉಚಿತ ಆಟಗಳಿಗೆ ಬಾಗಿಲು ತೆರೆದದ್ದೂ ಆ ಗದ್ದಲದ ಫಲವೇ.

ಹಾಗಾಗಿ ನಮ್ಮ ಬೇಡಿಕೆ ಸರಳ. ಆಟಗಳ ಭಂಡಾರಕ್ಕೆ ಬೇಕಾದರೆ ಬೆಲೆ ಇಡಿ, ಇಷ್ಟವಿದ್ದವರು ಕೊಳ್ಳಲಿ. ಕೊಂಡ ಆಟವನ್ನು ಗೆಳೆಯನೊಡನೆ ಆಡುವ ಹಕ್ಕನ್ನು ಆ ಗಂಟಿನಿಂದ ಬಿಚ್ಚಿ. ಹಣ ಕಟ್ಟದಿದ್ದರೆ ಏನೇನು ನಡೆಯದು ಎಂಬುದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಿರಿ. ಪಾಲಕರೂ ತಮ್ಮ ಖಾತೆಯಿಂದ ತಾನಾಗಿ ಕಡಿತವಾಗುವ ಹಣದ ಮೇಲೆ ಕಣ್ಣಿಡಲಿ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ. ಅಲ್ಲಿಯವರೆಗೆ ಒಂದೇ ಟಿವಿಯ ಮುಂದೆ ಇಬ್ಬರು ಕುಳಿತು ಆಡುವ ಆಟಗಳನ್ನೇ ಹುಡುಕಿ ಕೊಳ್ಳಿ. ಪಕ್ಕದ ಮನೆಯ ಹುಡುಗನನ್ನು ಕರೆದು ಕೂರಿಸಿಕೊಳ್ಳಲು ಇನ್ನೂ ಯಾರೂ ಸುಂಕ ಹಾಕಿಲ್ಲ.