ಶಾಲೆಯ ಪಾಠದಲ್ಲಿ ಡೈನೂ ಅರ್ಗೂ

ಸೆಂಟಿಮೀಟರು, ಗ್ರಾಮು, ಸೆಕೆಂಡುಗಳನ್ನು ಆಧಾರವಾಗಿ ಉಳ್ಳ ಸಿ.ಜಿ.ಎಸ್. ಪದ್ಧತಿಯು ಈಗ ಬಹುಮಟ್ಟಿಗೆ ಹಿಂದೆ ಸರಿದಿರುವುದು. 1960ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ಪದ್ಧತಿಯ ಮೀಟರು, ಕಿಲೋಗ್ರಾಮುಗಳೇ ಶಾಲೆಗಳಲ್ಲಿಯೂ ನೆಲೆಗೊಂಡಿವೆ. ಆದರೂ ಕೆಲವು ಪಠ್ಯಪುಸ್ತಕಗಳು ಹಳೆಯದನ್ನು ಬಿಡಲೊಲ್ಲವು. ಬಿಡದಿರುವುದು ತಪ್ಪಲ್ಲ, ಅದರಲ್ಲಿ ಯಾವುದನ್ನು ಉಳಿಸಿಕೊಂಡಿವೆ ಎಂಬುದರಲ್ಲಿಯೇ ತಪ್ಪಿರುವುದು.

1 ನ್ಯೂಟನ್ನಿಗೆ 1,00,000 ಡೈನು. 1 ಜೂಲಿಗೆ 1 ಕೋಟಿ ಅರ್ಗು. ವಿದ್ಯಾರ್ಥಿಗಳು ಇದನ್ನು ಉರುಹೊಡೆಯುವರು, ಪರೀಕ್ಷೆಯಲ್ಲಿ ಸೊನ್ನೆಗಳನ್ನು ಎಣಿಸಿ ಬರೆಯುವರು, ಮರುದಿನ ಮರೆಯುವರು. ಒಂದು ಸೊನ್ನೆ ತಪ್ಪಿದರೆ ಅಂಕವು ಹೋಗುವುದು. ಬಲವೆಂದರೇನೆಂದು ತಿಳಿಯದಿದ್ದರೂ ಅಂಕವು ಬರುವುದು. ಇದು ಚಿಲ್ಲರೆ ಎಣಿಸುವ ಕೆಲಸವೇ ಹೊರತು ವಿಜ್ಞಾನವಲ್ಲ.

ಹಳೆಯ ಗ್ರಂಥಗಳನ್ನು ಓದಲು ಇದು ಬೇಕೆಂದು ಕೆಲವರು ವಾದಿಸುವರು. ಹತ್ತನೆಯ ತರಗತಿಯ ಹುಡುಗಿಯು ಓದುವ ಹಳೆಯ ಭೌತಗ್ರಂಥವಾವುದು? ಖಗೋಳಶಾಸ್ತ್ರಜ್ಞರು ಇಂದಿಗೂ ಅರ್ಗನ್ನು ಬಳಸುವರೆಂಬುದು ನಿಜ. ಆದರೆ ಆ ಶಾಸ್ತ್ರಕ್ಕೆ ಹೋಗುವವರು ಅದನ್ನು ಒಂದು ಗಳಿಗೆಯಲ್ಲಿ ಕಲಿತುಕೊಳ್ಳಬಲ್ಲರು.

ಆ ಪದ್ಧತಿಯಿಂದ ಕಲಿಯತಕ್ಕುದು ಬೇರೆ ಇದೆ. ಭೂಮಿಯ ಕಾಂತಬಲವನ್ನೂ ಉದ್ದ, ದ್ರವ್ಯರಾಶಿ, ಕಾಲಗಳ ಮಾನಗಳಿಂದಲೇ ಹೇಳಬಹುದೆಂದು 1832ರಲ್ಲಿ ಜರ್ಮನಿಯ ಗಣಿತಜ್ಞ ಗೌಸನು ತೋರಿಸಿದನು. ಅದೇ ಮಾರ್ಗವನ್ನು ಹಿಡಿದವರಿಗೆ ವಿದ್ಯುದಾವೇಶಕ್ಕೆ ಎರಡು ಏಕಮಾನಗಳು ದೊರೆತವು: ಒಂದು, ಆವೇಶಗಳು ಒಂದನ್ನೊಂದು ಸೆಳೆಯುವ ಇಲ್ಲವೆ ತಳ್ಳುವ ಬಲದಿಂದ, ಮತ್ತೊಂದು, ವಿದ್ಯುತ್ಪ್ರವಾಹವು ಉಂಟುಮಾಡುವ ಕಾಂತಬಲದಿಂದ. 1856ರಲ್ಲಿ ವೆಬರನೂ ಕೋಲ್‌ರೌಷನೂ ಇವೆರಡರ ಸಂಬಂಧವನ್ನು ಪ್ರಯೋಗದಿಂದ ಅಳೆದರು. ಅದರಿಂದ ದೊರೆತುದು ಸೆಕೆಂಡಿಗೆ ಸುಮಾರು 3,10,000 ಕಿಲೋಮೀಟರಿನ ವೇಗ. ಬೆಳಕಿನ ವೇಗಕ್ಕೆ ಅತಿ ಸಮೀಪವಾದುದು. ಬೆಳಕಿನ ಗೊಡವೆಯೇ ಇಲ್ಲದ ಪ್ರಯೋಗದಲ್ಲಿ ಬೆಳಕಿನ ವೇಗವು ಕಾಣಿಸಿಕೊಂಡಿತು! ಬೆಳಕು ವಿದ್ಯುತ್ಕಾಂತ ತರಂಗವೆಂಬ ತನ್ನ ಸಿದ್ಧಾಂತಕ್ಕೆ ಮ್ಯಾಕ್ಸ್‌ವೆಲ್ಲನು 1860ರ ದಶಕದಲ್ಲಿ ಈ ಹೊಂದಿಕೆಯನ್ನೇ ಆಧಾರವಾಗಿ ತೋರಿಸಿದನು.

ಮಾನಗಳು ಬರಿಯ ಹೆಸರುಗಳಲ್ಲ, ಪ್ರಕೃತಿಯನ್ನು ಕೇಳುವ ಪ್ರಶ್ನೆಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಪಠ್ಯಪುಸ್ತಕಗಳು ಈ ಕಥೆಯನ್ನು ಬಿಟ್ಟು ಸೊನ್ನೆಗಳ ಪಟ್ಟಿಯನ್ನು ಇಟ್ಟುಕೊಂಡಿರುವುವು. ಜೊಳ್ಳನ್ನು ಕಣಜಕ್ಕೆ ತುಂಬಿ ಕಾಳನ್ನು ಗಾಳಿಗೆ ತೂರುವ ಒಕ್ಕಲು ಯಾವ ಊರಿನಲ್ಲಿಯೂ ಇಲ್ಲ.

ಆದುದರಿಂದ ಡೈನು ಅರ್ಗುಗಳ ಪರಿವರ್ತನೆಯನ್ನು ಪರೀಕ್ಷೆಯಿಂದ ತೆಗೆಯತಕ್ಕದ್ದು. ಆ ಹೊತ್ತನ್ನು ಈ ಕಥೆಗೆ ಕೊಡತಕ್ಕದ್ದು. ಅಂಕಗಳು ಕಡಿಮೆಯಾಗಬಹುದು, ಅರಿವು ಕಡಿಮೆಯಾಗದು.