ಗುಡ್ಡದ ವಯಸ್ಸನ್ನು ಕುಂಡಕ್ಕೆ ಕದ್ದು ತರಬೇಡಿ

ಬೋನ್ಸಾಯ್ ಕಲೆಯ ಬಗೆಗೆ ಪರಿಸರಾಸಕ್ತರಲ್ಲಿ ಎರಡು ಅಭಿಪ್ರಾಯಗಳಿವೆ. ಮುಗಿಲೆತ್ತರಕ್ಕೆ ಬೆಳೆಯಬೇಕಾದ ಮರವನ್ನು ಅಂಗೈಯಗಲದ ಕುಂಡದಲ್ಲಿ ಬಂಧಿಸುವುದು ಹಿಂಸೆ ಎಂಬುದು ಒಂದು. ಮಣ್ಣು ಕಾಣದ ಪಟ್ಟಣದವರಿಗೆ ಮರದ ಮೇಲೆ ಪ್ರೀತಿ ಹುಟ್ಟಿಸುವ ದಾರಿಯಿದು ಎಂಬುದು ಇನ್ನೊಂದು. ಈ ಎರಡೂ ವಾದಗಳು ಗಿಡವು ಕುಂಡಕ್ಕೆ ಬಂದ ನಂತರದ ಕಥೆಯನ್ನಷ್ಟೇ ನೋಡುತ್ತವೆ. ಆ ಗಿಡ ಎಲ್ಲಿಂದ ಬಂತು, ಅದರ ವಯಸ್ಸು ಯಾರ ಗಳಿಕೆ ಎಂದು ಕೇಳುವವರು ವಿರಳ. ಗುಡ್ಡಗಾಡಿನ ಜನರಾದ ನಾವು ಮೊದಲು ಕೇಳಬೇಕಾದುದು ಇದನ್ನೇ.

ಬೋನ್ಸಾಯ್ ಪ್ರಿಯರು ಬಹುವಾಗಿ ಮೆಚ್ಚುವ ಗಿಡಗಳಲ್ಲಿ ಜುನಿಪರ್ ಒಂದು. ಎಲೆಯುದುರದ, ಸೂಜಿಯಂತಹ ಇಲ್ಲವೇ ಹುರುಪೆಯಂತಹ ಎಲೆಗಳ, ತಿರುಚಿದ ಕಾಂಡದ ಈ ಸಸ್ಯ ಶೀತಪ್ರದೇಶದ ಬೆಟ್ಟಗಳದು. ಜಪಾನಿನಲ್ಲಿ ‘ಶಿಂಪಾಕು’ ಎಂದು ಹೆಸರಾದ ಜುನಿಪರ್ ಕಡಿದಾದ ಬಂಡೆಗಳ ಸಂದಿಯಲ್ಲಿ ಹಿಮ, ಗಾಳಿ ಮತ್ತು ಹಿಡಿ ಮಣ್ಣಿನ ನಡುವೆ ನೂರಾರು ವರ್ಷ ಕುಬ್ಜವಾಗಿಯೇ ಬದುಕುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಅದರ ಸೌಂದರ್ಯಕ್ಕೆ ಬೆಲೆ ಬಂತು. ಶಿಕೊಕು ದ್ವೀಪದ ಇಶಿಝುಚಿ ಪರ್ವತದಲ್ಲಿಯೂ, ನಂತರ ಇತೊಇಗಾವಾ ಸೀಮೆಯ ಬಂಡೆಗಳಲ್ಲಿಯೂ ಜನರು ಹಗ್ಗ ಕಟ್ಟಿಕೊಂಡು ಇಳಿದು ಆ ಮರಗಳನ್ನು ಕಿತ್ತು ತಂದರು. ಕೆಲವರು ಬಿದ್ದು ಪ್ರಾಣ ಬಿಟ್ಟರು. ಕೆಲವೇ ದಶಕಗಳಲ್ಲಿ ಆ ಬಂಡೆಗಳು ಬಹುಮಟ್ಟಿಗೆ ಬರಿದಾದವು. ಇಂದು ಇತೊಇಗಾವಾ ಶಿಂಪಾಕು ಎಂದು ಮಾರಾಟವಾಗುವ ಎಳೆಯ ಗಿಡಗಳು ಅಂದು ಕಿತ್ತು ತಂದ ಮರಗಳ ಕಡ್ಡಿಗಳಿಂದ ಬೇರೂರಿಸಿ ಬೆಳೆಸಿದವು. ಕಡ್ಡಿಯಿಂದ ಬೆಳೆಸಬಹುದಾದುದನ್ನು ಬೆಟ್ಟದಿಂದ ಕಿತ್ತು ತಂದದ್ದೇಕೆ? ಕಾಯುವ ತಾಳ್ಮೆ ಇರಲಿಲ್ಲವೆಂಬುದೇ ಅದಕ್ಕೆ ಉತ್ತರ.

ಈ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳನ್ನು ಹತ್ತಿದವರು ಬಂಡೆಯ ಬಿರುಕಿನಲ್ಲಿ ಬೇರನ್ನು ಹಾವಿನಂತೆ ಹರಿಯಬಿಟ್ಟು ನಿಂತ ಆಲ, ಬಸರಿಗಳನ್ನು ಕಂಡಿರುತ್ತಾರೆ. ಕೈಯಳತೆಯ ಕಾಂಡವೂ ಅಲ್ಲಿ ದಶಕಗಳ ಬದುಕನ್ನು ಹೇಳುತ್ತಿರಬಹುದು. ಹಾರೆಯೊಂದಿಗೆ ಬಂದವನಿಗೆ ಅದು ಸಿದ್ಧ ಬೋನ್ಸಾಯ್. ಗುಡ್ಡಕ್ಕೆ ಅದು ಮಣ್ಣು ಹಿಡಿದ ಬೇರು, ಹಕ್ಕಿಗೆ ಹಣ್ಣು. ಬಿರುಕಿನಾಳಕ್ಕೆ ಇಳಿದ ಬೇರನ್ನು ಪೂರ್ತಿ ಬಿಡಿಸಿಕೊಳ್ಳುವುದು ಅಸಾಧ್ಯವಾದ್ದರಿಂದ ಹೀಗೆ ಕಿತ್ತ ಗಿಡಗಳಲ್ಲಿ ಅನೇಕವು ಕುಂಡ ಸೇರಿದ ಮೇಲೆ ಸಾಯುತ್ತವೆ. ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅಪರಾಧ. ಮುಧೋಳ, ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮದಂತಹ ಕಡೆಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಅಡ್ಡ ನಿಲ್ಲುತ್ತದೆ.

ಹಾಗಾದರೆ ಬೋನ್ಸಾಯ್ ಬೇಡವೇ? ಬೇಕೆನ್ನುವವರು ಎಳೆಯ ಗಿಡದಿಂದಲೇ ಆರಂಭಿಸಲಿ ಎಂಬುದು ನನ್ನ ವಾದ. ನರ್ಸರಿಯಲ್ಲಿ ಕಡ್ಡಿಯಿಂದ ಬೆಳೆಸಿದ ಜುನಿಪರ್ ಸಸಿಯನ್ನೇ ಉದಾಹರಣೆಯಾಗಿ ನೋಡೋಣ. ಅದನ್ನು ತಂದ ದಿನವೇ ಕತ್ತರಿ ಹಿಡಿಯುವುದು ಹೊಸಬರ ಚಪಲ. ಸಣ್ಣ ತಟ್ಟೆಯಂತಹ ಕುಂಡಕ್ಕೆ ಆಗಲೇ ಏರಿಸಿದರೆ ಕಾಂಡ ಕಡ್ಡಿಯಾಗಿಯೇ ಉಳಿಯುತ್ತದೆ. ಕಾಂಡವನ್ನು ದಪ್ಪಗೊಳಿಸುವುದು ಎಲೆಗಳ ದುಡಿಮೆ. ಆದ್ದರಿಂದ ಮೊದಲ ಕೆಲವು ವರ್ಷ ದೊಡ್ಡ ಕುಂಡದಲ್ಲಿ ಅಥವಾ ನೆಲದಲ್ಲಿಯೇ ಬಯಲ ಬಿಸಿಲಿಗೆ ಬಿಟ್ಟು ಬೆಳೆಸಬೇಕು. ಕಾಂಡವು ಪೆನ್ಸಿಲ್ ಗಾತ್ರದಲ್ಲಿರುವಾಗ ಸುಲಭವಾಗಿ ಬಾಗುವುದರಿಂದ ಅದಕ್ಕೆ ಓರೆಯಾಗಿ ಅಲ್ಯೂಮಿನಿಯಂ ತಂತಿ ಸುತ್ತಿ ತಿರುವು ಕೊಡಬಹುದು. ತಂತಿಯ ದಪ್ಪ ಕಾಂಡದ ದಪ್ಪದ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ವಾರಕ್ಕೊಮ್ಮೆಯಾದರೂ ಪರೀಕ್ಷಿಸಿ, ತಂತಿಯು ತೊಗಟೆಯನ್ನು ಒತ್ತತೊಡಗಿದೊಡನೆ ತುಂಡರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಕೊಂಬೆ ಮುರಿದೀತು.

ಮುಂದಿನ ವರ್ಷಗಳಲ್ಲಿ ಕೊಂಬೆಗಳ ಆಯ್ಕೆ. ಕಾಂಡದ ತಿರುವಿನ ಹೊರಮೈಯಲ್ಲಿರುವ ಕೊಂಬೆಗಳನ್ನು ಉಳಿಸಿ, ಒಳಮೈಯಲ್ಲಿರುವುದನ್ನು ತೆಗೆಯುವುದು ವಾಡಿಕೆ. ಇಲ್ಲಿ ಜುನಿಪರಿನ ಸ್ವಭಾವವನ್ನು ಅರಿಯಬೇಕು. ಹಸಿರೆಲ್ಲ ಹೋಗಿ ಬೋಳಾದ ಹಳೆಯ ಕೊಂಬೆಯಲ್ಲಿ ಅದು ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಪ್ರತಿ ಕೊಂಬೆಯಲ್ಲೂ ಹಸಿರು ಉಳಿಯಬೇಕು. ಒಳಗಿನ ಚಿಗುರಿಗೆ ಬೆಳಕು ತಲುಪುವಂತೆ ಹೊರಗಿನ ದಟ್ಟಣೆಯನ್ನು ಬಿಡಿಸಬೇಕು. ಅತಿಯಾಗಿ ಕತ್ತರಿಸಿದರೆ ಹುರುಪೆಯೆಲೆಯ ಗಿಡವೂ ಬೆದರಿದಂತೆ ಮತ್ತೆ ಎಳವೆಯ ಸೂಜಿಯೆಲೆಗಳನ್ನು ಹೊರಡಿಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸುವಾಗಲೂ ಬೇರನ್ನೆಲ್ಲ ಒಮ್ಮೆಲೇ ತೊಳೆಯದೆ, ಬೇರಿನೊಡನೆ ಬಾಳುವ ಶಿಲೀಂಧ್ರವಿರುವ ಹಳೆಯ ಮಣ್ಣನ್ನು ಸ್ವಲ್ಪ ಉಳಿಸಬೇಕು. ಒಂದೇ ಋತುವಿನಲ್ಲಿ ಕೊಂಬೆಗೂ ಬೇರಿಗೂ ಕತ್ತರಿ ಹಾಕಬಾರದು. ಬೋನ್ಸಾಯ್ ಕುಂಡಕ್ಕೆ ಏರುವ ಯೋಗ್ಯತೆ ಎಂಟು ಹತ್ತು ವರ್ಷಗಳ ಮೇಲೆ ಬಂದರೆ ತಡವಾಯಿತೆಂದು ಮರುಗಬೇಕಾಗಿಲ್ಲ.

ಹಳೆಯ ಜುನಿಪರಿನಲ್ಲಿ ಸಿಡಿಲು, ಹಿಮಗಳಿಂದ ಸತ್ತ ಕೊಂಬೆಗಳು ಬೆಳ್ಳಗೆ ಉಳಿದಿರುತ್ತವೆ. ಅದನ್ನು ಅನುಕರಿಸಿ ಎಳೆಯ ಗಿಡದ ಕೊಂಬೆಯ ತೊಗಟೆಯನ್ನು ಸುಲಿದು ಮುಪ್ಪಿನ ವೇಷ ತೊಡಿಸುವವರಿದ್ದಾರೆ. ಕಾಂಡ ದಪ್ಪವಾಗುವ ಮುನ್ನವೇ ಅಂತಹ ವೇಷ ಬೇಡ. ಬೆಟ್ಟದಿಂದ ವಯಸ್ಸನ್ನು ಕದಿಯುವುದಕ್ಕೂ ಎಳೆಯದರ ಮೇಲೆ ವಯಸ್ಸನ್ನು ಹೇರುವುದಕ್ಕೂ ಮೂಲ ಒಂದೇ ಅವಸರ.

ಇನ್ನು ನಮ್ಮ ಹವೆಯ ಮಾತು. ಮಡಿಕೇರಿ, ಚಿಕ್ಕಮಗಳೂರುಗಳ ತಂಪಿನಲ್ಲಿ ಜುನಿಪರ್ ಹೇಗೋ ಬಾಳೀತು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿಯ ಆಸುಪಾಸಿಗೆ ಏರುವ ಬನಹಟ್ಟಿಯ ಬಿಸಿಲಿನಲ್ಲಿ, ಕಾದ ಮಾಳಿಗೆಯ ಮೇಲೆ ಅದನ್ನಿಟ್ಟರೆ ಕುಂಡದ ಬೇರು ಬೇಯುತ್ತದೆ. ಮನೆಯೊಳಗಿಟ್ಟರೆ ಬೆಳಕಿಲ್ಲದೆ ಸೊರಗುತ್ತದೆ. ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುವ ಗಿಡವಿದು. ಅದು ಕಂದುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಬೆಳೆಸಲೇಬೇಕೆಂದವರು ಬೇಸಗೆಯ ಮಧ್ಯಾಹ್ನಕ್ಕೆ ನೆರಳುಪರದೆ ಕಟ್ಟಲಿ, ಜನವರಿಯ ತಂಪಿನಲ್ಲಿಯೇ ಮಣ್ಣು ಬದಲಿಸಲಿ. ನೀರು ಹಿಡಿದಿಟ್ಟುಕೊಂಡು, ಒಣಗಿದಾಗ ಬಿರಿಯುವ ಎರೆಮಣ್ಣು ಕುಂಡಕ್ಕೆ ಸಲ್ಲದು. ನೀರು ಬಸಿಯಲೆಂದು ಹೊಳೆಯ ಮರಳನ್ನು ತರುವ ಬದಲು ಹಳೆಯ ಇಟ್ಟಿಗೆಯ ಚೂರು ಮತ್ತು ಗರಸನ್ನು ಜರಡಿ ಹಿಡಿದು ಗೊಬ್ಬರದೊಂದಿಗೆ ಬೆರೆಸಿದರೆ ಸಾಕು.

ಆದರೆ ಬನಹಟ್ಟಿಯ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಬೇರೆಯೇ ಇದೆ. ಊರಿನ ಹಳೆಯ ಗೋಡೆಗಳ ಸಂದಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಮಾಳಿಗೆಯ ಮೂಲೆಯಲ್ಲಿ ಹಕ್ಕಿಗಳು ಬಿತ್ತಿದ ಅರಳಿ, ಬಸರಿ, ಅತ್ತಿಯ ಸಸಿಗಳು ಏಳುತ್ತವೆ. ಗೋಡೆ ಒಡೆದೀತೆಂದು ಮನೆಯವರು ಅವನ್ನು ಹೇಗೂ ಕಿತ್ತೆಸೆಯುತ್ತಾರೆ. ಅಂತಹ ಒಂದು ಎಳೆಯ ಸಸಿಯನ್ನು ಮನೆಯವರ ಒಪ್ಪಿಗೆ ಪಡೆದು, ಮಳೆಗಾಲದ ಆರಂಭದಲ್ಲಿ ಬಿಡಿಸಿ ಕುಂಡಕ್ಕಿಡಿ. ತಂತಿಯ ಪಾಠ, ಕೊಂಬೆಯ ಆಯ್ಕೆ, ಕಾಯುವ ನೀತಿ ಎಲ್ಲವೂ ಜುನಿಪರಿನದೇ. ನಮ್ಮ ಬಿಸಿಲನ್ನು ಬಲ್ಲ ಬಸರಿಯು ಹಳೆಯ ಕಾಂಡದಿಂದಲೂ ಚಿಗುರುವುದರಿಂದ ಕಲಿಯುವವರ ತಪ್ಪನ್ನು ಹೆಚ್ಚು ಕ್ಷಮಿಸುತ್ತದೆ. ಹಾಸು ಹೊಕ್ಕುಗಳ ಎಳೆಯೆಳೆಯನ್ನು ಸರಿಪಡಿಸಿ ಸೀರೆ ನೇಯುವ ನೇಕಾರರ ಊರಿನ ಮಕ್ಕಳಿಗೆ ತಾಳ್ಮೆಯನ್ನು ಹೊರಗಿನವರು ಕಲಿಸಬೇಕೇ?

ಹಿಂಸೆಯ ಆಕ್ಷೇಪಕ್ಕೂ ಒಂದು ಮಾತು. ನೀರು, ಬೆಳಕು, ಹೊಸ ಮಣ್ಣು ಕಾಲಕ್ಕೆ ಸರಿಯಾಗಿ ಸಿಗುವ ಬೋನ್ಸಾಯ್ ಸೊರಗಿದ ಗಿಡವಲ್ಲ. 1625ರಿಂದ ಕುಂಡದಲ್ಲಿಯೇ ಬೆಳೆದುಬಂದ ಜಪಾನಿನ ಬಿಳಿ ಪೈನ್ ಮರವೊಂದು 1945ರ ಹಿರೋಷಿಮಾ ಅಣುಬಾಂಬ್ ದಾಳಿಯಲ್ಲಿಯೂ ಉಳಿದು, 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಗಿ ವಾಷಿಂಗ್ಟನ್ನಿನಲ್ಲಿ ನೆಲೆಸಿತು. ಅದನ್ನು ಒಂದೇ ಕುಟುಂಬದ ತಲೆಮಾರುಗಳು ಸಾಕಿದ್ದವು. ಹಿಂಸೆಯಿರುವುದು ಕೀಳುವ ಹಾರೆಯಲ್ಲಿ, ಕೊಂಡು ತಂದು ಮರೆತುಬಿಡುವ ಮನೆಯಲ್ಲಿ. ಅದೇ ವೇಳೆ, ಕುಂಡದ ಮರವನ್ನು ವನಮಹೋತ್ಸವದ ಲೆಕ್ಕಕ್ಕೆ ಸೇರಿಸುವ ಆತ್ಮವಂಚನೆಯೂ ಬೇಡ. ಅದು ನೆರಳು ಕೊಡದು, ಅಂತರ್ಜಲ ಏರಿಸದು.

ಓದುಗ ಬಂಧುಗಳೇ, ಬೋನ್ಸಾಯ್ ಕೊಳ್ಳುವಾಗ ಇದು ಕಡ್ಡಿಯಿಂದ ಬೆಳೆದದ್ದೋ, ಗುಡ್ಡದಿಂದ ಕಿತ್ತದ್ದೋ ಎಂದು ಮಾರುವವರನ್ನು ಕೇಳಿ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಕೊಳ್ಳಬೇಡಿ. ಗುಡ್ಡದಲ್ಲಿ ಹಾರೆ ಹಿಡಿದವರನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಶಾಲೆಗಳಲ್ಲಿ ಪ್ರತಿ ತರಗತಿಯೂ ಒಂದು ಸಸಿಯನ್ನು ಕುಂಡದಲ್ಲಿಟ್ಟು, ತಂತಿ ಸುತ್ತಿದ ದಿನ, ಮಣ್ಣು ಬದಲಿಸಿದ ದಿನಗಳನ್ನು ಪುಸ್ತಕದಲ್ಲಿ ಬರೆದು ಮುಂದಿನ ತರಗತಿಯವರಿಗೆ ಒಪ್ಪಿಸಲಿ. ಹತ್ತು ವರ್ಷಗಳ ನಂತರ ಆ ಕುಂಡದಲ್ಲಿರುವ ವಯಸ್ಸು ಆ ಮಕ್ಕಳದೇ ಆಗಿರುತ್ತದೆ.