ಲೋಕಪಾವನಿಗೂ ಒಂದು ಫಲಕ ಬೇಕು

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳೇ,

ಶ್ರೀರಂಗಪಟ್ಟಣಕ್ಕೆ ಬಂದವರಿಗೆ ನಾವು ತೋರಿಸುವುದೆಲ್ಲ 1799ರ ಕಥೆ: ಕೋಟೆ ಒಡೆದ ಜಾಗ, ಟಿಪ್ಪುವಿನ ಶವ ಸಿಕ್ಕ ಜಾಗ, ಗುಂಬಜ್. ಆದರೆ ಮೈಸೂರು ರಾಜ್ಯದ ಸೊಂಟ ಮುರಿದದ್ದು ಅದಕ್ಕೂ ಏಳು ವರ್ಷ ಮೊದಲು, ಕೋಟೆಯ ಹೊರಗೆ, ಕಾವೇರಿಯ ಉತ್ತರ ದಡದಲ್ಲಿ. ಆ ರಣರಂಗದ ಪೂರ್ವದ ಅಂಚೇ ಲೋಕಪಾವನಿ. ಕರಿಘಟ್ಟದ ಬುಡದಲ್ಲಿ ಹರಿದು ಕಾವೇರಿ ಸೇರುವ ಈ ಪುಟ್ಟ ಹೊಳೆಗೆ ಆ ಕಥೆಯಲ್ಲಿ ಪಾತ್ರವಿದೆ ಎಂದು ಯಾವ ಗೈಡೂ ಹೇಳಿದ್ದನ್ನು ನಾನು ಕೇಳಿಲ್ಲ.

1792ರ ಫೆಬ್ರವರಿ 6ರ ಬೆಳದಿಂಗಳ ರಾತ್ರಿ. ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಫಿರಂಗಿಗಳನ್ನು ಹಿಂದೆ ಬಿಟ್ಟು, ಕಾಲಾಳುಗಳನ್ನು ಮೂರು ದಂಡು ಮಾಡಿ ಹೊರಡಿಸಿದ. ಟಿಪ್ಪುವಿನ ಪಾಳೆಯದ ಮುಂದೆ ದಟ್ಟ ಮುಳ್ಳುಬೇಲಿ. ಬಲಗಡೆಗೆ ಕರಿಘಟ್ಟ ಮತ್ತು ಲೋಕಪಾವನಿಯದೇ ಕಾವಲು. ಮೂರರಲ್ಲಿ ಒಂದಾದ ಮ್ಯಾಕ್ಸ್‌ವೆಲ್‌ನ ದಂಡು ಗುಡ್ಡವನ್ನೇನೋ ಹಿಡಿಯಿತು. ಕಷ್ಟವಾದದ್ದು ಇಳಿಯುವಾಗ. ಬುಡದ ನಾಲೆಯ ಏರಿಯ ಮರೆಯಿಂದ ಮೈಸೂರಿನ ಸಿಪಾಯಿಗಳು ಗುಂಡು ಹಾರಿಸುತ್ತಿದ್ದರು, ಅದರಾಚೆ ಹೊಳೆ. ಫೆಬ್ರವರಿಯಲ್ಲಿ ಅದರ ನೀರು ಯಾರನ್ನು ಮುಳುಗಿಸೀತು? ಆದರೆ ಸಾಲುಗಟ್ಟಿ ನಡೆಯುವ ಪಡೆ ಒಂದು ದಡ ಇಳಿದು ಇನ್ನೊಂದು ಹತ್ತುವಷ್ಟರಲ್ಲಿ ಸಾಲು ಚದುರುತ್ತದೆ. ಹೊಳೆ ತಡ ಮಾಡಿಸಿತು, ತಡೆಯಲಾಗಲಿಲ್ಲ. ಬೆಳಗಾಗುವ ಹೊತ್ತಿಗೆ ಇಂಗ್ಲಿಷರು ಶ್ರೀರಂಗಪಟ್ಟಣದ ದ್ವೀಪದೊಳಗಿದ್ದರು. ಮುಂದಿನ ತಿಂಗಳ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ.

ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಗೆಲುವು ಬಣ್ಣಬಣ್ಣದಲ್ಲಿದೆ. 1792ರ ಸೋಲಿಗೆ ಅಂಥ ಗೋಡೆ ಇಲ್ಲ, ಇರುವುದೂ ಸಾಧ್ಯವಿರಲಿಲ್ಲ ಬಿಡಿ. ಅದರ ಗುರುತು ಇರುವುದು ನೆಲದಲ್ಲೇ: ಆ ಯುದ್ಧದಲ್ಲಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಪುಸ್ತಕ ಹಿಡಿದು ಕರಿಘಟ್ಟದ ಮೇಲೆ ನಿಂತರೆ, ಮೊದಲು ಗುರುತಿಗೆ ಸಿಗುವುದು ಕಾಲಡಿಯ ಗುಡ್ಡ, ಕೆಳಗಿನ ಹೊಳೆ. ಹೊಳೆ ಕಿರಿದಾಗುತ್ತ ಹೋದರೆ ಆ ರಾತ್ರಿಯ ನಕ್ಷೆಯೂ ಅಳಿಸಿಹೋಗುತ್ತದೆ.

ಆದ್ದರಿಂದ ಕರಿಘಟ್ಟದಿಂದ ಸಂಗಮದವರೆಗೆ ಹೊಳೆಯ ಗಡಿಯನ್ನು ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ಒತ್ತುವರಿ ಕಂಡರೆ ತೆರವು ಮಾಡಿಸಿ. ದಡದ ಮೇಲೆ ಕಟ್ಟಡದ ಕಸ ಸುರಿಯದಂತೆ ಪಂಚಾಯಿತಿಗಳಿಗೆ ಆದೇಶ ಕೊಡಿ. ಗುಡ್ಡದ ಮೇಲೊಂದು ಫಲಕ ಹಾಕಿಸಿ. ಟಿಪ್ಪು ಎಂದೊಡನೆ ಜಗಳ ಶುರುವಾಗುವುದು ತಮಗೂ ಗೊತ್ತು. ಫಲಕದಲ್ಲಿ ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ತಾರೀಕು, ನಕ್ಷೆ, ಯಾವ ಪಡೆ ಎಲ್ಲಿತ್ತು ಎಂಬ ವಿವರ ಇಷ್ಟಿದ್ದರೆ ಸಾಕು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸರ್ವೆಗೆ ಈ ಬೇಸಿಗೆಯಲ್ಲೇ ಆದೇಶ ಹೊರಡಿಸಿ, ಬರುವ ಫೆಬ್ರವರಿ 6ರೊಳಗೆ ಫಲಕ ನಿಲ್ಲಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲೆಯ ಒಬ್ಬ ನಾಗರಿಕ